ಕಣ್ಣಿಲ್ಲದವರಿಗೆ ಕಸುಬು ಕೊಟ್ಟ ಪೇಟಿ

ಹಳ್ಳಿ ಮನೆಯಲ್ಲಿ ಕಣ್ಣಿಲ್ಲದ ಕೂಸು ಹುಟ್ಟಿತೆಂದರೆ ಬಂಧು-ಬಳಗವೆಲ್ಲ ಕೇಳುವುದು ಒಂದೇ ಮಾತು: ‘ಮುಂದ ಇದರ ಗತಿ ಏನ್ರೀ?’ ಒಕ್ಕಲುತನ ಸಾಗದು, ಅಂಗಡಿ ಸಾಗದು. ಅವ್ವ-ಅಪ್ಪ ಇರೋತನಕ ಕಟ್ಟೆ ಮೇಲೆ ಕೂತು ಉಣ್ಣಬೇಕು. ಆಮೇಲೆ ಅಣ್ಣ-ತಮ್ಮಂದಿರ ಹಂಗು. ಅದೂ ತಪ್ಪಿತೋ, ಬಸ್ ಸ್ಟ್ಯಾಂಡೇ ಗತಿ.

ಈ ಪ್ರಶ್ನೆಗೆ ಗದಗಿನ ವೀರೇಶ್ವರ ಪುಣ್ಯಾಶ್ರಮ ಉತ್ತರ ಕೊಟ್ಟದ್ದು ಭಾಷಣದಿಂದಲ್ಲ, ಪೇಟಿ-ತಬಲಾಗಳಿಂದ. ಕನಿಕರ ಬೇಡ, ಕೈಗೊಂದು ಕಸುಬು ಕೊಡಿ ಎಂಬುದು ಇಲ್ಲಿಯ ಲೆಕ್ಕ.

ಲೆಕ್ಕ ಹಾಕಿದವರಿಗೂ ಕಣ್ಣಿರಲಿಲ್ಲ. ಹಾನಗಲ್ ತಾಲ್ಲೂಕಿನಲ್ಲಿ 1892ರಲ್ಲಿ ಹುಟ್ಟಿದ ಪಂಚಾಕ್ಷರಿ ಗವಾಯಿಗಳು ಹುಟ್ಟು ಅಂಧರು. ಅವರ ಅಣ್ಣನಿಗೂ ಅದೇ ಪಾಡು. ಹುಡುಗನ ಕಂಠ ಕೇಳಿದ ಹಾನಗಲ್ ಕುಮಾರ ಸ್ವಾಮಿಗಳು ಸಂಗೀತ ಕಲಿಯಲು ಹಚ್ಚಿದರು. ಕರ್ನಾಟಕಿಯೂ ಆಯಿತು, ಹಿಂದೂಸ್ತಾನಿಯೂ ಆಯಿತು. ಕಲಿತ ಮೇಲೆ ಅವರು ಅರಮನೆ ಹುಡುಕಿ ಹೋಗಲಿಲ್ಲ. ತಮ್ಮಂಥ ಹುಡುಗರನ್ನು ಕೂಡಿಸಿಕೊಂಡು ಊರೂರು ತಿರುಗಿದರು. ಗುರುಗಳು ಇಳಿದ ಕಡೆಯೇ ಪಾಠಶಾಲೆ! ಗದಗಿನಲ್ಲಿ ನೆಲೆ ನಿಂತದ್ದು ಎಷ್ಟೋ ವರ್ಷಗಳ ಮೇಲೆ.

1944ರಲ್ಲಿ ಅವರು ತೀರಿಕೊಂಡಾಗ ಭಾರ ಬಿದ್ದದ್ದು ಶಿಷ್ಯ ಪುಟ್ಟರಾಜ ಗವಾಯಿಗಳ ಮೇಲೆ. ಅವರೂ ಎಳೆಗೂಸಾಗಿದ್ದಾಗಲೇ ಕಣ್ಣು ಕಳೆದುಕೊಂಡವರು. ಊರ ಬಾಯಲ್ಲಿ ‘ಅಜ್ಜಾರು’. 2010ರ ಸೆಪ್ಟೆಂಬರಿನಲ್ಲಿ ಕಣ್ಮುಚ್ಚುವತನಕ 66 ವರ್ಷ ಈ ಸಂಸಾರ ನಡೆಸಿದರು. ನಾಟಕ ಬರೆದರು, ನಾಟಕ ಕಂಪನಿ ಕಟ್ಟಿಕೊಂಡು ತಿರುಗಿದರು, ಭಕ್ತರು ತುಲಾಭಾರಕ್ಕೆ ಕೂಡ್ರಿಸಿದಾಗ ಕೂತರು. ಬಂದ ನಾಣ್ಯವೆಲ್ಲ ಹುಡುಗರ ಅನ್ನಕ್ಕೆ. ಕೇಂದ್ರ ಸರಕಾರಕ್ಕೆ ಪದ್ಮಭೂಷಣ ಕೊಡಬೇಕೆಂದು ನೆನಪಾದದ್ದು ಅದೇ 2010ರಲ್ಲಿ. ಆಗ ಅಜ್ಜಾರಿಗೆ 95 ದಾಟಿತ್ತು!

ಕಲಿಸುವ ರೀತಿಯೇ ಬೇರೆ. ಪುಸ್ತಕವಿಲ್ಲ, ಹಲಗೆಯಿಲ್ಲ, ಕಿವಿಯೇ ಪಟ್ಟಿ. ಪೇಟಿಯ ಕರಿ ಪಟ್ಟಿಗಳು ಎರಡು ಒಂದು ಕಡೆ, ಮೂರು ಒಂದು ಕಡೆ ಉಬ್ಬಿಕೊಂಡಿರುತ್ತವಲ್ಲ, ಬೆರಳು ಅದನ್ನೇ ತಡವಿ ಸ್ವರದ ಜಾಗ ಹಿಡಿಯುತ್ತದೆ. ತಬಲಾಕ್ಕೆ ಮೊದಲು ಬಾಯಲ್ಲಿ ಬೋಲು, ಆಮೇಲೆ ಕೈಮೇಲೆ ಕೈಯಿಟ್ಟು ಏಟು. ಕಣ್ಣಿದ್ದ ಬಡ ಹುಡುಗರಿಗೂ ಬಾಗಿಲು ತೆರೆದೇ ಇದೆ. ಪಂಡಿತ ವೆಂಕಟೇಶ ಕುಮಾರರು ವರ್ಷಗಟ್ಟಲೆ ಉಂಡು ಕಲಿತದ್ದು ಇಲ್ಲಿಯೇ.

ಹೆಸರಿಲ್ಲದವರ ಕಥೆ

ಆದರೆ ಇಂಥ ದೊಡ್ಡ ಹೆಸರುಗಳಿಂದ ಆಶ್ರಮವನ್ನು ಅಳೆಯುವುದು ಸರಿಯಲ್ಲ. ಶ್ರಾವಣದಲ್ಲಿ ಈ ಕಡೆಯ ಹಳ್ಳಿಗಳ ಮಠ-ಗುಡಿಗಳಿಗೆ ಹೋಗಿ ನೋಡಿ. ತಿಂಗಳುಗಟ್ಟಲೆ ಪುರಾಣ. ಶಾಸ್ತ್ರಿಗಳು ಹೇಳುತ್ತಾರೆ, ಪಕ್ಕದಲ್ಲಿ ಗವಾಯಿಗಳು ಹಾಡುತ್ತಾರೆ, ತಬಲಾದವರು ಸಾಥ್ ಕೊಡುತ್ತಾರೆ. ರಾಗದ ಹೆಸರು ಗೊತ್ತಿಲ್ಲದ ರೈತನೂ ದಿನವೆಲ್ಲ ಎಡೆ ಹೊಡೆದು ಬಂದು, ಗೋಡೆಗೆ ಬೆನ್ನು ಹಚ್ಚಿ ಕೂತು ಭೀಮಪಲಾಸಿ ಕೇಳುತ್ತಾನೆ. ಟಿಕೀಟಿಲ್ಲ, ಪಾಸಿಲ್ಲ. ಹಾಡಿದವರಿಗೆ ಸಂಭಾವನೆ, ಕೆಲವೆಡೆ ಮೇಲೊಂದು ಜೋಳದ ಚೀಲ. ಕಟ್ಟೆ ಮೇಲೆ ಕೂಡ್ರಬೇಕಿದ್ದ ಮನುಷ್ಯ ಮನೆಗೆ ದುಡಿದು ತರುತ್ತಾನೆ. ನಿನ್ನೆ ‘ಕುರುಡ’ ಎಂದ ಊರೇ ಇಂದು ‘ಬರ್ರಿ ಗವಾಯಿಗಳ’ ಎನ್ನುತ್ತದೆ.

ಜಾತ್ರೆ ನಾಟಕವಾದರೆ ಪೇಟಿ ಮಾಸ್ತರೇ ಸರದಾರ. ಊರ ಹುಡುಗರಿಗೆ ತಾಲೀಮು ಅವರದೇ. ಬೇರೆ ಬೇರೆ ಓಣಿಯವರು ರಾತ್ರಿ ಒಂದೇ ಲಾಟೀನಿನ ಕೆಳಗೆ ಕೂತು ಮಾತು ಬಾಯಿಪಾಠ ಮಾಡಿದ ಕಾಲ ಅದು. ಅದರಿಂದ ಜಾತಿ ಜಗಳ ಹೋಯಿತು ಎಂದು ಬರೆದರೆ ಸುಳ್ಳಾದೀತು. ಆದರೆ ಜೊತೆ ಪಾರ್ಟು ಮಾಡಿದವನ ಮೇಲೆ ಮರುದಿನ ಬಡಿಗೆ ಎತ್ತುವುದು ಅಷ್ಟು ಸುಲಭವಲ್ಲ.

ಈಗ ಈ ಅನ್ನಕ್ಕೇ ಸಂಚಕಾರ ಬಂದಿದೆ. ಮದುವೆ ಮನೆಯಲ್ಲಿ ಹಾಡುವವನೊಬ್ಬ ಇದ್ದರೆ ಸಾಕು, ಪೇಟಿ-ತಬಲಾ ಎಲ್ಲ ರೆಕಾರ್ಡಿನ ಟ್ರ್ಯಾಕಿನಲ್ಲಿ. 2020ರಲ್ಲಿ ಕೊರೋನಾ ಬಂದದ್ದು ಸರಿಯಾಗಿ ಜಾತ್ರೆ-ನಾಟಕದ ಸುಗ್ಗಿಯಲ್ಲಿ. ಪುರಾಣವೂ ನಿಂತಿತು. ಮರುವರ್ಷ ಮತ್ತೆ ಬಾಗಿಲು ಹಾಕಿದಾಗ ರಾಜ್ಯ ಸರಕಾರ ಕಲಾವಿದರಿಗೆ ಘೋಷಿಸಿದ್ದು ತಲೆಗೆ 3000 ರೂಪಾಯಿ. ಗವಾಯಿಗೂ ಹೊಟ್ಟೆ ಇದೆ, ಅವನ ಮಕ್ಕಳಿಗೂ ಇದೆ ಎಂಬುದು ವಿಧಾನಸೌಧಕ್ಕೆ ಅಷ್ಟಾದರೂ ಹೊಳೆಯಿತಲ್ಲ!

ಉಳಿದ ಆಸೆ ಶಾಲೆಯ ಸಂಗೀತ ಮಾಸ್ತರಿಕೆ. ಜೂನಿಯರ್, ಸೀನಿಯರ್, ವಿದ್ವತ್ ಪರೀಕ್ಷೆ ಪಾಸಾದವರು ಸರ್ಟಿಫಿಕೇಟು ಹಿಡಿದು ಕಾಯುತ್ತಿದ್ದಾರೆ. ಎಷ್ಟೋ ಸರಕಾರಿ ಶಾಲೆಗಳಲ್ಲಿ ಹಾಡು ಹೇಳಿಕೊಡುವವರಿಲ್ಲದೆ ಮಕ್ಕಳ ಪ್ರಾರ್ಥನೆ ನೂರೆಂಟು ಶ್ರುತಿಯಲ್ಲಿ ನಡೆದಿದೆ. ಅತ್ತ ಮಾಸ್ತರಿಲ್ಲದ ಶಾಲೆ, ಇತ್ತ ಶಾಲೆಯಿಲ್ಲದ ಮಾಸ್ತರು. ಇಬ್ಬರನ್ನೂ ಕೂಡಿಸಲು ಒಂದು ಆದೇಶ ಸಾಕು. ಜಿಲ್ಲೆಯ ಶಾಸಕರು ಆಶ್ರಮದ ಜಾತ್ರೆಗೆ ಬಂದು ಹಾರ ಹಾಕಿಸಿಕೊಂಡು ಹೋಗುವಾಗ ಯಾರಾದರೂ ಅವರ ಕಿವಿಗೆ ಇದನ್ನು ಹಾಕಬೇಕು.