ಕಿಡಿಯ ಕೆಲಸ

ಮೋಟಾರು ಗಾಡಿ ಪೆಟ್ರೋಲಿನಿಂದ ಓಡುತ್ತದೆಂದು ಎಲ್ಲರೂ ಹೇಳುತ್ತಾರೆ. ಅದು ಅರ್ಧ ಸತ್ಯ. ಪೆಟ್ರೋಲು ಸೌದೆಯಿದ್ದಂತೆ, ಒಲೆ ಹತ್ತಬೇಕಾದರೆ ಕಿಡಿ ಬೇಕು. ಆ ಕಿಡಿಯನ್ನು ಒದಗಿಸುವ ಬೆರಳುದ್ದದ ಉಪಕರಣಕ್ಕೆ ಸ್ಪಾರ್ಕ್ ಪ್ಲಗ್ ಎಂದು ಹೆಸರು. ಇದಕ್ಕೊಂದು ಅಚ್ಚಗನ್ನಡದ ಪದವನ್ನು ಟಂಕಿಸಬೇಕೆಂಬ ಆಸೆ ಭಾಷೆಯ ಅಧ್ಯಾಪಕನಾದ ನನಗೆ ಒಮ್ಮೊಮ್ಮೆ ಬರುವುದುಂಟು. ಆದರೆ ಗ್ಯಾರೇಜಿನ ಹುಡುಗರು ಅದಕ್ಕೆ ಉಕಾರ ಸೇರಿಸಿ 'ಪ್ಲಗ್ಗು' ಮಾಡಿ, 'ಪ್ಲಗ್ಗಿಗೆ', 'ಪ್ಲಗ್ಗಿನ' ಎಂದು ವಿಭಕ್ತಿಗಳನ್ನೂ ಹಚ್ಚಿ ನಮ್ಮ ಸಹಾಯವಿಲ್ಲದೆಯೇ ಕನ್ನಡವಾಗಿಸಿಕೊಂಡಿದ್ದಾರೆ. ಕೇಶಿರಾಜನು ಆಕ್ಷೇಪಿಸುತ್ತಿದ್ದನೆಂದು ನನಗೆ ತೋರುವುದಿಲ್ಲ.

ಈ ಪುಟ್ಟ ವಸ್ತುವಿನ ದುಡಿಮೆಯನ್ನು ಒಮ್ಮೆ ಲೆಕ್ಕ ಹಾಕಿ ನೋಡಿ. ನಾಲ್ಕು ಹೊಡೆತದ ಎಂಜಿನ್ನಿನಲ್ಲಿ ಎರಡು ಸುತ್ತಿಗೊಮ್ಮೆ ಕಿಡಿ ಹಾರಬೇಕು. ನಿಮಿಷಕ್ಕೆ 2,000 ಸುತ್ತು ತಿರುಗಿದರೆ ಒಂದೊಂದು ಪ್ಲಗ್ಗಿಗೂ 1,000 ಕಿಡಿ. ಗಂಟೆಗೆ ಸರಾಸರಿ 40 ಕಿಲೋಮೀಟರಿನಂತೆ 40,000 ಕಿಲೋಮೀಟರು ಓಡುವ ಹೊತ್ತಿಗೆ ಆರು ಕೋಟಿ ಕಿಡಿಗಳಾದವು. ಪ್ರತಿ ಕಿಡಿಯೂ ಲೋಹದ ತುದಿಯನ್ನು ಒಂದಿಷ್ಟು ಸವೆಸುತ್ತದೆ. ಒಂದು ಮಿಲಿಮೀಟರಿನ ಆಸುಪಾಸಿನಲ್ಲಿರಬೇಕಾದ ಸಂದು ಬರಬರುತ್ತ ಅಗಲವಾಗುತ್ತದೆ. ಸಂದು ಅಗಲವಾದಷ್ಟೂ ಅದನ್ನು ದಾಟಲು ವಿದ್ಯುತ್ತಿಗೆ ಹೆಚ್ಚು ಒತ್ತಡ ಬೇಕು. ಆ ಹೊರೆಯೆಲ್ಲ ಹೋಗಿ ಬೀಳುವುದು ಕಾಯಿಲ್ ಎಂಬ ಇನ್ನೊಂದು ಉಪಕರಣದ ಮೇಲೆ. ಮೈಕೇಲ್ ಫ್ಯಾರಡೆ 1831ರಲ್ಲಿ ಕಂಡುಹಿಡಿದ ತತ್ತ್ವವೇ ಇದರ ಜೀವಾಳ: ದಪ್ಪ ತಂತಿಯ ಕೆಲವು ನೂರು ಸುತ್ತುಗಳಲ್ಲಿ ಹರಿಯುವ ಬ್ಯಾಟರಿಯ ವಿದ್ಯುತ್ತನ್ನು ಥಟ್ಟನೆ ಕಡಿದರೆ, ಪಕ್ಕದಲ್ಲೇ ಸಾವಿರಾರು ಸುತ್ತು ಸುತ್ತಿರುವ ಎಳೆತಂತಿಯಲ್ಲಿ ಇಪ್ಪತ್ತು ಸಾವಿರ ವೋಲ್ಟಿಗೂ ಮಿಗಿಲಾದ ಒತ್ತಡ ಹುಟ್ಟುತ್ತದೆ. ಹಿಂದೆ ಗಾಡಿಗೆ ಒಂದೇ ಕಾಯಿಲ್ ಇದ್ದು, ಡಿಸ್ಟ್ರಿಬ್ಯೂಟರ್ ಸರದಿಯಂತೆ ಹಂಚುತ್ತಿತ್ತು. ಈಚಿನ ಎಷ್ಟೋ ಕಾರುಗಳಲ್ಲಿ ಪ್ಲಗ್ಗಿಗೊಂದರಂತೆ ಕಾಯಿಲ್ ತಲೆಯ ಮೇಲೆಯೇ ಕುಳಿತಿರುತ್ತದೆ.

ಜರ್ಮನಿಯ ಬಾಷ್ ಕಾರ್ಖಾನೆಯಲ್ಲಿ ಗಾಟ್ಲೋಬ್ ಹೊನೋಲ್ಡ್ ಎಂಬ ಯಂತ್ರಜ್ಞನು 1902ರಲ್ಲಿ ರೂಪಿಸಿದ ಅಧಿಕ ಒತ್ತಡದ ಮ್ಯಾಗ್ನೆಟೊ ಮತ್ತು ಪ್ಲಗ್ಗಿನ ಜೋಡಿ ನಮ್ಮ ನಾಡಿಗೂ ಬಂತು. 1951ರಲ್ಲಿ ಸ್ಥಾಪನೆಯಾದ ಮೈಕೋ ಬೆಂಗಳೂರಿನ ಆಡುಗೋಡಿಯಲ್ಲಿ ಬೇರೂರಿ, ಪ್ಲಗ್ಗೆಂದರೆ ಮೈಕೋ ಎನ್ನುವಷ್ಟು ಮನೆಮಾತಾಯಿತು. 2008ರಲ್ಲಿ ಆ ಕಂಪೆನಿಯ ಹೆಸರು ಬಾಷ್ ಎಂದು ಬದಲಾದರೂ ಮೈಕೋ ಲೇಔಟು ಬೆಂಗಳೂರಿನಲ್ಲಿ ಹಾಗೆಯೇ ಉಳಿದಿದೆ. ನಮ್ಮ ಸೀಮೆಯವರಿಗೆ ಪ್ಲಗ್ಗಿನ ವಿದ್ಯೆಯನ್ನು ನಿಜವಾಗಿ ಕಲಿಸಿದ್ದು ಮಾತ್ರ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ. 1961ರಿಂದ 1996ರವರೆಗೆ ಅಲ್ಲಿಂದ ಹೊರಬಿದ್ದ ಜಾವಾ, ಯೆಜ್ಡಿಗಳು ಪೆಟ್ರೋಲಿನೊಡನೆ ಎಣ್ಣೆಯನ್ನೂ ಬೆರೆಸಿ ಕುಡಿಯುವ ಎರಡು ಹೊಡೆತದ ಗಾಡಿಗಳು. ಎಣ್ಣೆಯ ಮಸಿ ಕಟ್ಟಿ ಪ್ಲಗ್ಗು ಆಗಾಗ ಕೈಕೊಡುತ್ತಿತ್ತು. ಸವಾರನಾದವನು ಪ್ಲಗ್ ಪಾನಾ, ಒಂದು ಚೂರು ಉಪ್ಪುಕಾಗದ, ಬದಲಿಗೊಂದು ಪ್ಲಗ್ಗು, ಇಷ್ಟನ್ನು ಜೊತೆಯಲ್ಲಿಟ್ಟುಕೊಂಡೇ ಮನೆ ಬಿಡುತ್ತಿದ್ದ.

ನನ್ನ ತಂದೆಯವರೂ ಅಂತಹ ಯೆಜ್ಡಿ ಸವಾರರು. ಕಿಕ್ಕೇರಿಯೆಂದೊಡನೆ ಸಾಹಿತ್ಯದ ವಾಚಕರಿಗೆ 1915ರಲ್ಲಿ ಇಲ್ಲಿ ಹುಟ್ಟಿದ ಕೆ.ಎಸ್. ನರಸಿಂಹಸ್ವಾಮಿಯವರೂ ಅವರ ಮಲ್ಲಿಗೆಯೂ ನೆನಪಾಗುವುದು ಸಹಜ. ನನ್ನ ಬಾಲ್ಯದ ಕಿಕ್ಕೇರಿಯ ಪರಿಮಳದಲ್ಲಿ ಮಲ್ಲಿಗೆಯ ಜೊತೆಗೆ ಸುಟ್ಟ ಎಣ್ಣೆಯೂ ಬೆರೆತಿತ್ತು. ಈಗ ಅವರಿಗೆ ಮೂತ್ರಪಿಂಡದ ಬೇನೆ. ವಾರಕ್ಕೆರಡು ಸಲ ಡಯಾಲಿಸಿಸ್ಸಿಗಾಗಿ ಕೃಷ್ಣರಾಜಪೇಟೆಯ ಮೇಲೆ ಹಾದು ಮೈಸೂರಿಗೆ ಕರೆದೊಯ್ಯಬೇಕು. ಈ ಪಾಳಿ ತಪ್ಪುವಂತಿಲ್ಲ. ಹೀಗಿರುವಾಗ ಕಳೆದ ವರ್ಷದ ಒಂದು ಭಾನುವಾರ ನಮ್ಮ ಮೂರು ಸಿಲಿಂಡರಿನ ಪುಟ್ಟ ಕಾರು ನಿಂತಲ್ಲೇ ಚಳಿಜ್ವರ ಬಂದಂತೆ ನಡುಗತೊಡಗಿತು. ಗ್ಯಾರೇಜು ಮುಚ್ಚಿತ್ತು, ಮರುದಿನ ಮುಂಜಾನೆಯೇ ಮೈಸೂರಿನ ಪಾಳಿ. ಹಿಂದೆ ನನ್ನಲ್ಲಿ ಓದಿ ಈಗ ಪೇಟೆಯಲ್ಲಿ ಗಾಡಿ ರಿಪೇರಿ ಮಾಡುವ ಹುಡುಗನಿಗೆ ಫೋನು ಮಾಡಿದೆ. "ಮಿಸ್ ಹೊಡೀತಾ ಅದೆ ಸಾರ್. ಮೊದ್ಲು ಗಾಡಿ ಆರ್ಲಿ, ಬಿಸೀಲಿ ಕೈ ಇಕ್ಬೇಡಿ. ಹೊಸ ಪ್ಲಗ್ ಕಳಿಸ್ತೀನಿ, ನೀವೇ ಬಿಚ್ಚಿ, ನಾನು ಯೋಳ್ತೀನಿ" ಎಂದ. ಕಾಯಕದ ಮೇಲೆ ತರಗತಿಯಲ್ಲಿ ಗಂಟೆಗಟ್ಟಲೆ ಉಪನ್ಯಾಸ ಮಾಡಿದವನು ನಾನು. ಅಂದು ಬರೆದುಕೊಳ್ಳುವ ಸರದಿ ನನ್ನದಾಯಿತು.

ಕೆಲಸ ಕಷ್ಟದ್ದಲ್ಲ, ತಾಳ್ಮೆಯದು. ಬ್ಯಾಟರಿಯ ಋಣ ತುದಿಯನ್ನು ಬಿಡಿಸಿಟ್ಟು, ಕಾಯಿಲಿನ ತಂತಿಯ ಕೊಂಡಿಯನ್ನು ಅದರ ನಾಲಗೆ ಒತ್ತಿ ಕಳಚಬೇಕು. ತಂತಿ ಹಿಡಿದು ಜಗ್ಗಬಾರದು. ಬೋಲ್ಟು ತೆಗೆದ ಮೇಲೆ ಕಾಯಿಲನ್ನು ಸ್ವಲ್ಪ ತಿರುಚಿ ಮೇಲಕ್ಕೆತ್ತಬೇಕು. ಪ್ಲಗ್ಗು ಕೂತಿರುವ ಕುಳಿಯ ದೂಳನ್ನು ಮೊದಲೇ ಊದಿ ತೆಗೆಯಬೇಕು, ಇಲ್ಲವಾದರೆ ಅದು ಸಿಲಿಂಡರಿನೊಳಕ್ಕೆ ಬೀಳುತ್ತದೆ. ಹೊಸ ಪ್ಲಗ್ಗನ್ನು ಕೈಯಿಂದಲೇ ತಿರುಗಿಸುತ್ತ ಕೂರಿಸಬೇಕು. ಸಿಲಿಂಡರಿನ ತಲೆ ಅಲ್ಯೂಮಿನಿಯಮ್ಮಿನದು, ಅಡ್ಡಮರೆ ಹಿಡಿದರೆ ಅದರ ಮರೆಯೇ ಕಿತ್ತುಹೋಗುತ್ತದೆ. "ಕೂತ್ಮೇಲೆ ಅರ್ಧ ಸುತ್ತು, ಅದ್ರ ಮೇಲೊಂಚೂರು. ಜೋರು ಮಾಡ್ಬುಟ್ಟೀರಿ ಸಾರ್" ಎಂದು ಅವನು ಮೂರು ಸಲ ಎಚ್ಚರಿಸಿದ.

ಜಗಲಿಯ ಮೇಲೆ ಕುಳಿತಿದ್ದ ತಂದೆಯವರು ಬಿಚ್ಚಿದ ಪ್ಲಗ್ಗುಗಳನ್ನು ಒಂದೊಂದಾಗಿ ಕೈಗೆ ತೆಗೆದುಕೊಂಡರು. ಅದೂ ಒಂದು ಬಗೆಯ ಓದು. ಕಾಫಿಪುಡಿಯ ತೆಳುಬಣ್ಣವಿದ್ದರೆ ಎಂಜಿನ್ನು ಆರೋಗ್ಯವಾಗಿದೆ. ಒಣಮಸಿಯಾದರೆ ಪೆಟ್ರೋಲು ಹೆಚ್ಚು. ಎಣ್ಣೆಯ ಜಿಡ್ಡಾದರೆ ಒಳಗೆ ರಿಂಗೋ ಸೀಲೋ ಸವೆದಿದೆ. ಬೆಳ್ಳಗೆ ಸುಟ್ಟು ಬೊಬ್ಬೆಯೆದ್ದಿದ್ದರೆ ಮಿತಿಮೀರಿದ ಕಾವು. ಎರಡು ಪ್ಲಗ್ಗುಗಳು ಕಾಫಿಯ ಬಣ್ಣದವು. ಮೂರನೆಯದು ಒದ್ದೆ. "ಮೂಸ್ ನೋಡ್ಲಾ. ಪೆಟ್ರೋಲ್ ಬತ್ತಾ ಅದೆ, ಉರೀತಾ ಇಲ್ಲ" ಎಂದರು.

ಹೊಸ ಪ್ಲಗ್ಗುಗಳನ್ನು ಹಾಕಿದರೂ ನಡುಕ ನಿಲ್ಲಲಿಲ್ಲ. ಆಗ ಶಿಷ್ಯನ ಸೂಚನೆಯಂತೆ ಮೂರನೆಯ ಕಾಯಿಲನ್ನು ಮೊದಲನೆಯದರ ಜಾಗಕ್ಕೂ ಮೊದಲನೆಯದನ್ನು ಮೂರನೆಯದರ ಜಾಗಕ್ಕೂ ಬದಲಿಸಿ, ಒಂದೆರಡು ನಿಮಿಷ ಎಂಜಿನ್ನು ನಡೆಸಿ, ಆರಿಸಿ, ಮತ್ತೆ ಬಿಚ್ಚಿ ನೋಡಿದೆವು. ಈ ಬಾರಿ ಒದ್ದೆಯಾಗಿದ್ದುದು ಮೊದಲನೆಯ ಪ್ಲಗ್ಗು. ರೋಗವು ಕಾಯಿಲಿನೊಂದಿಗೆ ಊರು ಬದಲಿಸಿತ್ತು! ತರ್ಕಶಾಸ್ತ್ರದಲ್ಲಿ ಅನ್ವಯ, ವ್ಯತಿರೇಕ ಎಂದು ನಾವು ಓದಿದ್ದು ಇದನ್ನೇ ತಾನೆ? ಹಳೆಯ ಗಾಡಿಗಳಲ್ಲಿ ಎಂಜಿನ್ನು ಓಡುತ್ತಿರುವಾಗಲೇ ತಂತಿಗಳನ್ನು ಕಿತ್ತು ಪರೀಕ್ಷಿಸುವ ವಾಡಿಕೆಯಿತ್ತು. ಈಗಿನವುಗಳಲ್ಲಿ ಅದು ಸಲ್ಲದು: ಹೊಡೆಯುವ ಶಾಕು ಚಿಕ್ಕದಲ್ಲ, ಉರಿಯದ ಪೆಟ್ರೋಲು ಹೊಗೆ ಕೊಳವೆಯಲ್ಲಿರುವ ಕ್ಯಾಟಲಿಟಿಕ್ ಕನ್ವರ್ಟರನ್ನೂ ಸುಡುತ್ತದೆ.

ಸಂಜೆ ಆ ಹುಡುಗ ತಾನೇ ಹೊಸ ಕಾಯಿಲ್ ತಂದ. ಹಳೆಯದರ ರಬ್ಬರು ಕೊಳವೆಯನ್ನು ಬೆಳಕಿಗೆ ಹಿಡಿದು ತೋರಿಸಿದ. ಕೂದಲೆಳೆಯಂಥ ಸೀಳು, ಅದರುದ್ದಕ್ಕೂ ಕರಿಯ ಗೆರೆ; ಕಿಡಿಯು ಪ್ಲಗ್ಗಿನ ಸಂದನ್ನು ದಾಟುವ ಶ್ರಮವನ್ನು ಬಿಟ್ಟು ಆ ಸುಲಭದ ದಾರಿಯಲ್ಲಿ ಪಕ್ಕದ ಲೋಹಕ್ಕೆ ಸೋರಿಹೋಗುತ್ತಿತ್ತು. ಕಾಯಿಲ್ ಕೂರಿಸಿ ಕೀಲಿ ತಿರುಗಿಸಿದಾಗ ನಡುಕವಿರಲಿಲ್ಲ. ತಂದೆಯವರು ಕಿವಿಗೊಟ್ಟು ಕೇಳಿ, "ಈಗ ಸರಿ" ಎಂದಷ್ಟೇ ಹೇಳಿ ಅವನಿಗೆ ಊಟಕ್ಕೆ ಏಳಲು ಹೇಳಿದರು.

ಸೋಮವಾರ ಹೊತ್ತಿಗೆ ಸರಿಯಾಗಿ ಮೈಸೂರು ಸೇರಿದೆವು. ಬಿಚ್ಚಿದ ಪ್ಲಗ್ಗುಗಳಲ್ಲಿ ಕಾಫಿಯ ಬಣ್ಣದ ಎರಡನ್ನು ತಂದೆಯವರು ಉಜ್ಜಿ, ತಮ್ಮ ಯೆಜ್ಡಿಯ ಸಾಮಾನಿನ ತಗಡಿನ ಡಬ್ಬಿಯಲ್ಲಿ ಎತ್ತಿಟ್ಟಿದ್ದಾರೆ. ಅವು ಯೆಜ್ಡಿಗೆ ಹೊಂದುವುದಿಲ್ಲವೆಂಬುದು ನನಗಿಂತ ಅವರಿಗೇ ಚೆನ್ನಾಗಿ ಗೊತ್ತು.