ಮಾಂಗಲ್ಯವೂ ಮತವೂ

ದೇಶಾಂತರ ಹೋಗುವವನು ಮನೆಯನ್ನೂ ಹೊಲವನ್ನೂ ನೆಂಟರನ್ನೂ ಬಿಟ್ಟು ಹೋಗಬಲ್ಲನು. ಹುಟ್ಟಿನೊಡನೆ ಬಂದ ಆಚಾರವನ್ನು ಮಾತ್ರ ಸುಲಭವಾಗಿ ಬಿಡಲಾರನು. ಮತಾಂತರ ಹೊಂದಿದವನಿಗೂ ಈ ಮಾತು ಸಲ್ಲುವುದು.

ನಮ್ಮ ಬಿನ್ನಿಪೇಟೆಯು ಬಟ್ಟೆಯ ಗಿರಣಿಯಿಂದ ಬೆಳೆದುದು. 1884ರಲ್ಲಿ ಸ್ಥಾಪಿತವಾದ ಆ ಗಿರಣಿಯು ಈಗಿಲ್ಲ. ಅದರ ನೆಲದಲ್ಲಿ ಬಹುಮಹಡಿಯ ಮನೆಗಳೆದ್ದಿವೆ. ಅಲ್ಲಿ ದುಡಿಯಲು ತಮಿಳು ಸೀಮೆಯಿಂದ ಬಂದವರಲ್ಲಿ ಕ್ರೈಸ್ತರೂ ಇದ್ದರು. ಅಂತಹ ಮನೆಯೊಂದರ ಹುಡುಗನು ನಮ್ಮಲ್ಲಿ ಓದಿದವನು. ಕಳೆದ ವರ್ಷ ಅವನ ಮಗಳಿಗೆ ವಿವಾಹವು ನಿಶ್ಚಯವಾದಾಗ, ಅವರು ಹೊಸದಾಗಿ ಸೇರಿದ ಸಭೆಯ ಹಿರಿಯರು, "ತಾಳಿ, ಹೂವು ಬೇಡ, ಉಂಗುರ ಸಾಕು" ಎಂದರಂತೆ. ಎಂಬತ್ತು ದಾಟಿದ ಅಜ್ಜಿಯು, "ತಾಳಿಯಿಲ್ಲದ ಮದುವೆಗೆ ನಾನು ಬರುವುದಿಲ್ಲ" ಎಂದು ಊಟವನ್ನೇ ಬಿಟ್ಟರು. ಶಿಷ್ಯನು ನಮ್ಮ ಬಳಿಗೆ ಬಂದು, "ಮೇಷ್ಟ್ರೇ, ಇದರಲ್ಲಿ ಧರ್ಮ ಯಾವುದು?" ಎಂದು ಕೇಳಿದನು.

ಪರಮತದ ಧರ್ಮವನ್ನು ನಿರ್ಣಯಿಸಲು ನಾವು ಅಧಿಕಾರಿಗಳಲ್ಲ. ಶಬ್ದಾರ್ಥವನ್ನೂ ಚರಿತ್ರೆಯನ್ನೂ ಮಾತ್ರ ಹೇಳಿದೆವು. ಮಂಗಲವೆಂಬುದರಿಂದ ಮಾಂಗಲ್ಯವಾಯಿತು, ಆ ಪದದಲ್ಲಿ ಯಾವ ದೇವರ ಹೆಸರೂ ಇಲ್ಲ. ಪ್ರಶ್ನೆಯೂ ಹೊಸದಲ್ಲ. 1704ರಲ್ಲಿ ಪುದುಚೇರಿಯಲ್ಲಿ ಪೋಪರ ಪ್ರತಿನಿಧಿಯಾದ ಟೂರ್ನಾನರು, ಪಿಳ್ಳೆಯಾರನ ರೂಪವಿದ್ದ ತಾಳಿಯನ್ನು ಕ್ರೈಸ್ತ ಸ್ತ್ರೀಯರು ಧರಿಸಕೂಡದೆಂದು ವಿಧಿಸಿದರು. ಆದರೂ ಶಿಲುಬೆಯ ಗುರುತಿನ ತಾಳಿಯು ಇಂದಿಗೂ ದಕ್ಷಿಣದ ಕ್ರೈಸ್ತರಲ್ಲಿ ಬಳಕೆಯಲ್ಲಿದೆ.

ದೂರದ ಕೊರಿಯಾ ದೇಶದಲ್ಲಿ ಇಂತಹುದೇ ತೊಡಕು ಪ್ರಾಣವನ್ನೇ ತೆಗೆದುಕೊಂಡಿತು. ಯುನ್ ಜಿ-ಚುಂಗ್ ಎಂಬ ಕ್ರೈಸ್ತನು ಪಿತೃಗಳ ಹೆಸರಿನ ಫಲಕಗಳನ್ನು ಸುಟ್ಟು, ತಾಯಿ ತೀರಿದಾಗ ರೂಢಿಯ ಪಿತೃಕಾರ್ಯವನ್ನು ಮಾಡದಿರಲು, 1791ರಲ್ಲಿ ರಾಜಾಜ್ಞೆಯಿಂದ ಅವನ ಶಿರಚ್ಛೇದವಾಯಿತು. 1939ರಲ್ಲಿ ರೋಮಿನ ಧರ್ಮಪೀಠವೇ ಚೀನದ ಕ್ರೈಸ್ತರಿಗೆ ಪಿತೃಗೌರವದ ಹಲವು ಆಚಾರಗಳನ್ನು ಅನುಮತಿಸಿತು. ಒಂದು ಕಾಲದಲ್ಲಿ ಪೂಜೆಯೆನಿಸಿದುದೇ ಇನ್ನೊಂದು ಕಾಲದಲ್ಲಿ ಕೇವಲ ಗೌರವವೆನಿಸಿತು.

ಕೊನೆಗೆ ನಿರ್ಣಯಿಸಿದವಳು ಮದುವೆಯ ಹುಡುಗಿಯೇ. "ಉಂಗುರವೂ ಇರಲಿ, ತಾಳಿಯೂ ಇರಲಿ" ಎಂದಳು. ಅಜ್ಜಿಯು ಪೆಟ್ಟಿಗೆಯಲ್ಲಿಟ್ಟಿದ್ದ ತಮ್ಮ ಹಳೆಯ ತಾಳಿಯ ಚಿನ್ನವನ್ನು ಕರಗಿಸಿ, ಶಿಲುಬೆಯ ಗುರುತಿನ ಹೊಸ ತಾಳಿಯನ್ನು ಮಾಡಿಸಿಕೊಟ್ಟರು. ಸಭೆಯ ಇಬ್ಬರು ಹಿರಿಯರು ಮದುವೆಗೆ ಬರಲಿಲ್ಲ. ಆ ನೋವು ಶಿಷ್ಯನಿಗೆ ಇಂದಿಗೂ ಉಳಿದಿದೆ. ಅವರ ನಂಬಿಕೆಯನ್ನು ನಾವು ಹಳಿಯಲಾರೆವು. ಅವರೂ ತಮ್ಮ ದೇವರಿಗೆ ಅಂಜಿಯೇ ದೂರವಿದ್ದರು. ಆದರೆ ಆ ದಿನ ಅಜ್ಜಿಯು ತಮಿಳಿನಲ್ಲಿಯೂ ಮೊಮ್ಮಗಳು ಕನ್ನಡದಲ್ಲಿಯೂ ಒಂದೇ ಪ್ರಾರ್ಥನೆಯನ್ನು ಹೇಳಿದುದನ್ನು ನಾವು ಕಿವಿಯಾರೆ ಕೇಳಿದೆವು. ಇಬ್ಬರ ಭಕ್ತಿಯಲ್ಲಿ ಯಾವ ಭೇದವೂ ನಮಗೆ ತೋರಲಿಲ್ಲ.