ಡೆಂಟಿಂಗ್-ಪೇಂಟಿಂಗ್: ಕೈಯಲ್ಲಿ ಹುನರ್ ಇದೆ, ಕಾಗದ ಎಲ್ಲಿದೆ?

ಮುಂಬೈಯ ಕುರ್ಲಾ, ಚೆನ್ನೈಯ ಪುದುಪೇಟೆ, ದೆಹಲಿಯ ಮಾಯಾಪುರಿ, ನಮ್ಮ ಬೆಂಗಳೂರಿನ ಜೆ.ಸಿ. ರಸ್ತೆ. ಗಾಡಿಯ ಕೆಲಸ ಬಲ್ಲವರಿಗೆ ಈ ಹೆಸರುಗಳನ್ನು ಪರಿಚಯ ಮಾಡಿಕೊಡಬೇಕಾಗಿಲ್ಲ. ಇಂಥ ಬೀದಿಗಳ ಗ್ಯಾರೇಜುಗಳಲ್ಲಿ ಸುತ್ತಿಗೆ ಹಿಡಿದವರು, ಪುಟ್ಟಿ ಉಜ್ಜುವವರು, ಸ್ಪ್ರೇ ಗನ್ ಹಿಡಿದವರು ಬಹಳ ಮಂದಿ ನಮ್ಮ ಹುಡುಗರೇ. ಎಂಟನೆಯದೋ ಒಂಬತ್ತನೆಯದೋ ತರಗತಿ ಬಿಟ್ಟು ಉಸ್ತಾದ್ ಹತ್ತಿರ ಸೇರಿದವರು. ಹತ್ತು ವರ್ಷ ಆದ ಮೇಲೆ ಇವರ ಕೈ ನೋಡಿದರೆ ಯಾರಾದರೂ ಮೆಚ್ಚಬೇಕು. ಆದರೆ ಕಂಪನಿ ವರ್ಕ್‌ಶಾಪಿಗೆ ಕೆಲಸ ಕೇಳಿಕೊಂಡು ಹೋದರೆ ಮೊದಲ ಪ್ರಶ್ನೆ ಒಂದೇ: "ಸರ್ಟಿಫಿಕೇಟ್ ಇದೆಯಾ?"

ಅಪಘಾತದಲ್ಲಿ ನಜ್ಜುಗುಜ್ಜಾದ ಗಾಡಿಯ ಮೈಯನ್ನು ಸರಿಮಾಡಿ ಮತ್ತೆ ಬಣ್ಣ ಹೊಡೆಯುವ ಈ ಕೆಲಸ ಇವತ್ತು ಓದಿ ಕಲಿಯಬೇಕಾದ ಕೆಲಸವೂ ಆಗಿದೆ. ಅದರಲ್ಲಿ ಏನೇನಿದೆ, ಎಲ್ಲಿ ಕಲಿಯಬಹುದು ಎಂಬುದನ್ನು ವಿದ್ಯಾರ್ಥಿಗಳಿಗೂ ತಂದೆತಾಯಿಯರಿಗೂ ಬಿಡಿಸಿ ಹೇಳುವುದಕ್ಕೆ ಈ ಬರಹ.

ಉಸ್ತಾದ್ ಕಲಿಸುವುದು ಏನು?

ಮೊದಲು ಉಸ್ತಾದರ ವಿದ್ಯೆಗೆ ಗೌರವ ಕೊಡೋಣ. ತಗ್ಗಿದ ತಗಡಿನ ಒಂದು ಬದಿಗೆ ಡಾಲಿ ಎಂಬ ಕಬ್ಬಿಣದ ಗಟ್ಟಿ ಹಿಡಿದು, ಇನ್ನೊಂದು ಬದಿಯಿಂದ ಸುತ್ತಿಗೆಯಲ್ಲಿ ಸಣ್ಣಗೆ ಬಡಿಯುತ್ತಾ ಹೋಗುವುದು ಮೂಲಪಾಠ. ಜೋರಾಗಿ ಬಡಿದರೆ ತಗಡು ಹಿಗ್ಗುತ್ತದೆ, ಆಮೇಲೆ ಅದನ್ನು ಕುಗ್ಗಿಸುವುದೇ ದೊಡ್ಡ ಕೆಲಸ. ಪೆಟ್ಟು ಬಿದ್ದ ಜಾಗ ಬೇರೆ, ಆ ಪೆಟ್ಟಿನಿಂದ ದೂರದಲ್ಲಿ ಮಡಿಚಿಕೊಂಡ ಜಾಗ ಬೇರೆ. ಕೊನೆಯಲ್ಲಿ ಮಡಿಚಿದ್ದನ್ನು ಮೊದಲು ಬಿಡಿಸಬೇಕು, ಮೊದಲು ಪೆಟ್ಟು ಬಿದ್ದ ಜಾಗವನ್ನು ಕೊನೆಗೆ ಮುಟ್ಟಬೇಕು. ಅಂಗೈಯನ್ನು ತಗಡಿನ ಮೇಲೆ ಸವರಿ ಕಣ್ಣಿಗೆ ಕಾಣದ ಏರುತಗ್ಗನ್ನು ಹೇಳುವುದು ವರ್ಷಗಟ್ಟಲೆ ಕೈ ಪಳಗಿದ ಮೇಲೆ ಬರುವ ವಿದ್ಯೆ. ಇದನ್ನು ಯಾವ ಪುಸ್ತಕವೂ ಕೊಡೋದಿಲ್ಲ.

ಹಾಗಾದರೆ ಶಾಲೆ ಯಾಕೆ ಬೇಕು? ಯಾಕೆಂದರೆ ಗಾಡಿ ಬದಲಾಗಿದೆ.

ತಗಡು ಈಗ ಬರೀ ತಗಡಲ್ಲ

ಈಗಿನ ಹೆಚ್ಚಿನ ಕಾರುಗಳಲ್ಲಿ ಬೇರೆ ಚಾಸಿಸ್ ಇರುವುದಿಲ್ಲ. ಮೈಯೇ ಚಾಸಿಸ್. ಬೊಲೆರೊದಂಥ ಗಾಡಿಗಳಲ್ಲಿ ಮಾತ್ರ ಕೆಳಗೆ ಏಣಿಯಂಥ ಫ್ರೇಮ್ ಇದ್ದು ಅದರ ಮೇಲೆ ಬಾಡಿ ಕೂರುತ್ತದೆ. ಮೈಯೇ ಚಾಸಿಸ್ ಆದಾಗ ಮುಂದಿನ ಪೆಟ್ಟು ಹಿಂದಿನ ಬಾಗಿಲಿನ ಸಂದಿಯಲ್ಲಿ ಕಾಣಿಸಿಕೊಳ್ಳಬಹುದು. ಅದಕ್ಕೇ ಕಲಿತ ಮೆಕ್ಯಾನಿಕ್ ಮೊದಲು ಸುತ್ತಿಗೆ ಎತ್ತೋದಿಲ್ಲ, ಟೇಪು ಎತ್ತುತ್ತಾನೆ. ಗಾಡಿ ತಯಾರಿಸಿದವರು ಮೈಯ ಮೇಲಿನ ಬಿಂದುಗಳ ನಡುವಿನ ಅಳತೆಗಳನ್ನು ನಕ್ಷೆಯಲ್ಲಿ ಕೊಟ್ಟಿರುತ್ತಾರೆ. ಸಾಮಾನ್ಯವಾಗಿ 3 ಮಿಲಿಮೀಟರ್ ಆಚೀಚೆ ಮಾತ್ರ ಒಪ್ಪಿಗೆ. ಅದಕ್ಕಿಂತ ಹೆಚ್ಚು ತಪ್ಪಿದರೆ ಗಾಡಿ ಒಂದು ಕಡೆಗೆ ಎಳೆಯಬಹುದು, ಟೈರ್ ಒಂದೇ ಬದಿ ಸವೆಯಬಹುದು.

ಇನ್ನೊಂದು ಸಂಗತಿ ಜೀವಕ್ಕೆ ಸಂಬಂಧಪಟ್ಟದ್ದು. ಗುದ್ದಿದಾಗ ಗಾಡಿಯ ಮುಂಭಾಗ ತಾನೇ ಮುದುಡಿ ಪೆಟ್ಟನ್ನು ನುಂಗಬೇಕು, ಜನ ಕೂತ ಗೂಡು ಮಾತ್ರ ಗಟ್ಟಿಯಾಗಿ ನಿಲ್ಲಬೇಕು. ಮರ್ಸಿಡಿಸ್ ಕಂಪನಿಯ ಎಂಜಿನಿಯರ್ ಬೇಲಾ ಬಾರೆನ್ಯಿ 1950ರ ದಶಕದಲ್ಲಿ ಪೇಟೆಂಟ್ ಮಾಡಿದ ಈ ವಿಚಾರ ಇವತ್ತು ಎಲ್ಲ ಕಾರುಗಳಲ್ಲೂ ಇದೆ. ಗೂಡಿನ ಕಂಬಗಳಿಗೆ ಹಾಕುವ ಉಕ್ಕು ಮಾಮೂಲಿ ತಗಡಿಗಿಂತ ಹಲವು ಪಟ್ಟು ಗಟ್ಟಿ. ಅದನ್ನು ಕಾಯಿಸಿ, ಒತ್ತಿ, ತಕ್ಷಣ ತಣಿಸಿ ಆ ಗಟ್ಟಿತನ ತಂದಿರುತ್ತಾರೆ. ಅದಕ್ಕೆ ಗ್ಯಾಸ್ ಕಟರ್‌ನ ಬೆಂಕಿ ತೋರಿಸಿ ಕೆಂಪಗೆ ಮಾಡಿ ಬಗ್ಗಿಸಿದರೆ ಆಕಾರ ಸರಿಹೋದಂತೆ ಕಾಣುತ್ತದೆ, ಬಲ ಮಾತ್ರ ಹೋಗಿರುತ್ತದೆ. ಮೇಲೆ ಬಣ್ಣ ಬಿದ್ದ ಮೇಲೆ ಯಾರಿಗೂ ಗೊತ್ತಾಗೋದಿಲ್ಲ. ಮುಂದಿನ ಅಪಘಾತದಲ್ಲಿ ಗೊತ್ತಾಗುತ್ತದೆ.

ಭಾರತದಲ್ಲಿ 2023ರ ಅಕ್ಟೋಬರ್ 1ರಿಂದ ಭಾರತ್ ಎನ್‌ಕ್ಯಾಪ್ ಎಂಬ ಪರೀಕ್ಷೆ ಶುರುವಾಗಿದೆ. ಕಾರನ್ನು ಗುದ್ದಿಸಿ ನೋಡಿ ಸ್ಟಾರ್ ಕೊಡುತ್ತಾರೆ. ಆ ಸ್ಟಾರ್ ಕಾರ್ಖಾನೆಯಿಂದ ಹೊರಬಂದ ಗಾಡಿಗೆ ಸಿಕ್ಕಿದ್ದು. ರಿಪೇರಿ ಆದ ಗಾಡಿಯಲ್ಲಿ ಅದು ಉಳಿಯಬೇಕಾದರೆ ಯಾವ ಭಾಗವನ್ನು ಸರಿಮಾಡಬಹುದು, ಯಾವುದನ್ನು ಕತ್ತರಿಸಿ ಹೊಸದು ಹಾಕಲೇಬೇಕು, ವೆಲ್ಡಿಂಗ್ ಎಲ್ಲಿ ಎಷ್ಟು ಅಂತ ತಿಳಿದಿರಬೇಕು. ವೆಲ್ಡಿಂಗ್‌ಗೆ ಮುಂಚೆ ಬ್ಯಾಟರಿ ವೈರ್ ಬಿಚ್ಚಬೇಕು, ಇಲ್ಲದಿದ್ದರೆ ಗಾಡಿಯ ಕಂಪ್ಯೂಟರ್ ಕೆಡಬಹುದು. ಬಂಪರ್ ಒಳಗೆ ರಾಡಾರ್ ಇರುವ ಗಾಡಿಯಲ್ಲಿ ಅದರ ಮುಂದೆ ಪುಟ್ಟಿ ಮೆತ್ತಿದರೆ ರಾಡಾರ್ ಸರಿಯಾಗಿ ನೋಡಲಾರದು. ಎಲೆಕ್ಟ್ರಿಕ್ ಗಾಡಿಯಲ್ಲಿ ಕಿತ್ತಳೆ ಬಣ್ಣದ ಕೇಬಲ್ ಕಂಡರೆ ತರಬೇತಿ ಇಲ್ಲದವರು ಮುಟ್ಟಲೇಬಾರದು.

ಬಣ್ಣದಲ್ಲಿ ಗಣಿತ, ರಸಾಯನಶಾಸ್ತ್ರ

"ನನಗೆ ಗಣಿತ ಬರಲ್ಲ, ಪೇಂಟಿಂಗ್ ಕಲೀತೀನಿ" ಅನ್ನುವ ವಿದ್ಯಾರ್ಥಿಗಳಿಗೆ ಈ ಮಾತು. ಕಾರಿನ ಬಣ್ಣ ಒಂದು ಪದರ ಅಲ್ಲ. ತುಕ್ಕು ತಡೆಯುವ ಪದರ, ಪ್ರೈಮರ್, ಬಣ್ಣದ ಬೇಸ್ ಕೋಟ್, ಮೇಲೆ ಹೊಳಪಿನ ಕ್ಲಿಯರ್ ಕೋಟ್. ಎಲ್ಲ ಸೇರಿದರೂ ಸುಮಾರು 100ರಿಂದ 150 ಮೈಕ್ರಾನ್. ಅಂದರೆ ಒಂದು ಮಿಲಿಮೀಟರಿನ ಆರನೆಯ ಒಂದು ಭಾಗವೂ ಇಲ್ಲ.

ಪುಟ್ಟಿ ಕಲಸುವಾಗ ಹಾರ್ಡನರ್ ತೂಕದಲ್ಲಿ ನೂರಕ್ಕೆ ಎರಡು-ಮೂರು ಭಾಗ. ಬೇಗ ಒಣಗಲಿ ಅಂತ ಜಾಸ್ತಿ ಹಾಕಿದರೆ ಆಮೇಲೆ ಬಣ್ಣದ ಮೇಲೆ ಕಲೆ ಎದ್ದು ಬರುತ್ತದೆ. ಪುಟ್ಟಿ ಎರಡು-ಮೂರು ಮಿಲಿಮೀಟರ್ ಮೀರಬಾರದು, ಮೀರಿದರೆ ಬಿರುಕು ಬಿಡುತ್ತದೆ. ಮರಳು ಕಾಗದದ ನಂಬರ್ 80ರಿಂದ ಶುರುವಾಗಿ 180, 320 ಅಂತ ಮೆಟ್ಟಿಲು ಮೆಟ್ಟಿಲಾಗಿ ಏರಬೇಕು. ಬೇಸ್ ಕೋಟಿಗೆ ಮುಂಚೆ 600ರ ಹತ್ತಿರ ಬಂದಿರಬೇಕು. 80ರಿಂದ ನೇರ 400ಕ್ಕೆ ಹಾರಿದರೆ ಗೀರುಗಳು ಬಣ್ಣದ ಕೆಳಗಿಂದ ಕಾಣಿಸುತ್ತವೆ. ಕ್ಲಿಯರ್ ಮತ್ತು ಹಾರ್ಡನರ್ ಎರಡಕ್ಕೆ ಒಂದು ಅಂತ ಡಬ್ಬಿ ಹೇಳಿದರೆ ಎರಡಕ್ಕೆ ಒಂದೇ, ಕಣ್ಣಂದಾಜಲ್ಲ. ಗನ್ನನ್ನು ಗಾಡಿಯಿಂದ 15ರಿಂದ 20 ಸೆಂಟಿಮೀಟರ್ ದೂರದಲ್ಲಿ ಹಿಡಿದು, ಒಂದು ಪಟ್ಟಿಯ ಅರ್ಧದ ಮೇಲೆ ಮುಂದಿನ ಪಟ್ಟಿ ಬರುವಂತೆ ಓಡಿಸಬೇಕು. ಬೂತ್‌ನಲ್ಲಿ ಸಾಮಾನ್ಯವಾಗಿ 60 ಡಿಗ್ರಿಯಲ್ಲಿ ಅರ್ಧ ಗಂಟೆ ಬೇಯಿಸುತ್ತಾರೆ.

ಎಲ್ಲಕ್ಕಿಂತ ಕಷ್ಟ ಬಣ್ಣ ಹೊಂದಿಸುವುದು. ಗಾಡಿಯ ಕಲರ್ ಕೋಡ್ ಸಿಕ್ಕಿತು ಅಂದ ಮಾತ್ರಕ್ಕೆ ಐದು ವರ್ಷ ಬಿಸಿಲಲ್ಲಿ ನಿಂತ ಗಾಡಿಗೆ ಅದು ಹೊಂದುವುದಿಲ್ಲ. ಟ್ಯೂಬ್‌ಲೈಟಿನಲ್ಲಿ ಒಂದೇ ಥರ ಕಾಣುವ ಎರಡು ಬಣ್ಣ ಬಿಸಿಲಿಗೆ ಬಂದರೆ ಬೇರೆ ಬೇರೆ ಕಾಣಬಹುದು. ಪೇಂಟರ್ ಆಗಬೇಕು ಅನ್ನುವವರು ಮೊದಲೇ ಕಣ್ಣಿನ ಡಾಕ್ಟರ ಹತ್ತಿರ ಬಣ್ಣಗುರುಡಿನ ಪರೀಕ್ಷೆ ಮಾಡಿಸಿಕೊಳ್ಳಿ. ಇದು ಗಂಡಸರಲ್ಲೇ ಹೆಚ್ಚು, ಹೆಂಗಸರಲ್ಲಿ ಬಹಳ ಅಪರೂಪ. ಹೆಣ್ಣುಮಕ್ಕಳು ಈ ಕೆಲಸಕ್ಕೆ ಯಾಕೆ ಬರಬಾರದು ಅಂತ ಕೇಳುವವರಿಗೆ ಇದೂ ಒಂದು ಉತ್ತರ.

ಮೂಗಿಗೆ ಕರ್ಚೀಫ್ ಸಾಲದು

ಈ ಲೇಖನದಲ್ಲಿ ಒಂದೇ ಪ್ಯಾರಾ ನೆನಪಿಟ್ಟುಕೊಳ್ಳಿ ಅಂದರೆ ಇದನ್ನೇ ಹೇಳುತ್ತೇನೆ. ಕ್ಲಿಯರ್ ಕೋಟಿನ ಹಾರ್ಡನರ್‌ನಲ್ಲಿ ಐಸೊಸಯನೇಟ್ ಎಂಬ ರಾಸಾಯನಿಕ ಇರುತ್ತದೆ. ಸ್ಪ್ರೇ ಮಾಡುವಾಗ ಅದು ಮಂಜಿನಂತೆ ಗಾಳಿಯಲ್ಲಿ ತೇಲುತ್ತದೆ. ಅದನ್ನು ಉಸಿರಾಡಿದವರಿಗೆ ಅಸ್ತಮಾ ಬರಬಹುದು. ಒಮ್ಮೆ ದೇಹ ಅದಕ್ಕೆ ಸಿಡುಕಲು ಶುರುಮಾಡಿದರೆ ಆಮೇಲೆ ತೀರಾ ಸ್ವಲ್ಪ ಬಿದ್ದರೂ ಉಸಿರು ಕಟ್ಟುತ್ತದೆ. ಆ ಪೇಂಟರ್ ಮತ್ತೆ ಆ ಕೆಲಸ ಮಾಡುವಂತಿಲ್ಲ. ಹೊಗೆಯ ವಾಸನೆ ಬಂದರೆ ದೂರ ಹೋಗೋಣ ಅನ್ನೋ ಲೆಕ್ಕ ಇಲ್ಲಿ ನಡೆಯಲ್ಲ, ವಾಸನೆ ಗೊತ್ತಾಗುವ ಮೊದಲೇ ಅಪಾಯದ ಪ್ರಮಾಣ ಮೀರಿರಬಹುದು. ಕರ್ಚೀಫಾಗಲಿ, ಕೊರೊನಾ ಕಾಲದ ಬಟ್ಟೆ ಮಾಸ್ಕಾಗಲಿ ಇದನ್ನು ತಡೆಯೋದಿಲ್ಲ. ಹೊರಗಿನಿಂದ ಪೈಪಿನಲ್ಲಿ ಶುದ್ಧ ಗಾಳಿ ಕೊಡುವ ಮಾಸ್ಕ್, ಗಾಳಿ ಎಳೆದು ಸೋಸುವ ಬೂತ್, ಕೈಗೆ ನೈಟ್ರೈಲ್ ಗ್ಲೌಸ್ ಬೇಕು. ಪುಟ್ಟಿ ಉಜ್ಜುವಾಗ ಧೂಳಿನ ಮಾಸ್ಕ್ ಬೇರೆ. ನಿಮ್ಮ ಮಗನನ್ನು ಎಲ್ಲಿಗೆ ಕಳಿಸಿದರೂ ಸಂಬಳ ಕೇಳುವ ಮುಂಚೆ ಮಾಸ್ಕ್ ಕೇಳಿ. ಇನ್ನು 14 ತುಂಬದ ಮಗುವನ್ನು ಗ್ಯಾರೇಜಿನಲ್ಲಿ ಕೆಲಸಕ್ಕೆ ಇಟ್ಟುಕೊಳ್ಳುವುದು ಕಾನೂನಿನ ಪ್ರಕಾರ ಅಪರಾಧ. ಎಳೆಯ ಶ್ವಾಸಕೋಶದ ಬಗ್ಗೆ ಯೋಚಿಸಿದರೆ ಕಾನೂನು ಹೇಳಬೇಕಾಗಿಯೂ ಇಲ್ಲ.

ಎಲ್ಲಿ ಕಲಿಯಬಹುದು?

ಐಟಿಐಗಳಲ್ಲಿ ಇದಕ್ಕೆಂದೇ ಎರಡು ಟ್ರೇಡ್ ಇವೆ. ಒಂದು ಮೆಕ್ಯಾನಿಕ್ ಆಟೊ ಬಾಡಿ ರಿಪೇರಿ, ಇನ್ನೊಂದು ಮೆಕ್ಯಾನಿಕ್ ಆಟೊ ಬಾಡಿ ಪೇಂಟಿಂಗ್. ಎರಡೂ ಒಂದೊಂದು ವರ್ಷದ್ದು. ಪಾಸಾದರೆ ಸಿಗುವ ರಾಷ್ಟ್ರೀಯ ಟ್ರೇಡ್ ಸರ್ಟಿಫಿಕೇಟ್ ದೇಶದ ಎಲ್ಲ ಕಡೆ ನಡೆಯುತ್ತದೆ. ಪುಣೆಯಲ್ಲಿ ಕಲಿತು ಹೈದರಾಬಾದಿನಲ್ಲಿ ಕೆಲಸ ಮಾಡಬಹುದು. ಫಿಟ್ಟರ್, ಎಲೆಕ್ಟ್ರಿಷಿಯನ್‌ನಂತೆ ಈ ಟ್ರೇಡ್‌ಗಳು ಎಲ್ಲ ಐಟಿಐಯಲ್ಲೂ ಇರೋದಿಲ್ಲ. ನಿಮ್ಮ ರಾಜ್ಯದ ಐಟಿಐ ಪ್ರವೇಶದ ಪ್ರಕಟಣೆ ಬಂದಾಗ ಟ್ರೇಡ್ ಪಟ್ಟಿಯನ್ನು ಹುಡುಕಿ ನೋಡಿ. ಹತ್ತಿರದಲ್ಲಿ ಸಿಗದಿದ್ದರೆ ವೆಲ್ಡರ್ ಅಥವಾ ಶೀಟ್ ಮೆಟಲ್ ವರ್ಕರ್ ಟ್ರೇಡ್ ಒಳ್ಳೆಯ ಬುನಾದಿ. ಇವಕ್ಕೆ ಎಂಟನೇ ತರಗತಿ ಪಾಸಾಗಿದ್ದರೂ ಸಾಕು.

ಐಟಿಐ ಆದ ಮೇಲೆ ಅಪ್ರೆಂಟಿಸ್. 1961ರ ಅಪ್ರೆಂಟಿಸ್ ಕಾಯಿದೆಯ ಕೆಳಗೆ ದೊಡ್ಡ ವರ್ಕ್‌ಶಾಪುಗಳಲ್ಲಿ ಕಲಿಯುತ್ತಲೇ ಸ್ಟೈಪೆಂಡ್ ಪಡೆಯಬಹುದು. 2019ರ ನಿಯಮದಲ್ಲಿ ಐಟಿಐ ಪಾಸಾದವರಿಗೆ ತಿಂಗಳಿಗೆ ಕನಿಷ್ಠ 7,000 ರೂಪಾಯಿ ಎಂದು ಇಟ್ಟಿದ್ದರು. ಬೂತ್, ಅಳತೆಯ ಬೆಂಚ್, ಕಂಪ್ಯೂಟರಿನಲ್ಲಿ ಬಣ್ಣ ಬೆರೆಸುವ ಯಂತ್ರ ನೋಡಲು ಸಿಗುವುದು ಇಲ್ಲೇ. ಊರಿನ ಕಡೆ ನೆಂಟರಿದ್ದರೆ ಅವರಿಗೂ ಹೇಳಿ: ಬಿಡದಿಯ ಟೊಯೋಟಾ ತಾಂತ್ರಿಕ ತರಬೇತಿ ಸಂಸ್ಥೆ 2007ರಿಂದ ಕರ್ನಾಟಕದ ಗ್ರಾಮೀಣ ಬಡಮಕ್ಕಳಿಗೆ ಹತ್ತನೇ ತರಗತಿಯ ನಂತರ ಮೂರು ವರ್ಷ ವಸತಿ ಸಹಿತ ತರಬೇತಿ ಕೊಡುತ್ತಿದೆ. ಅದರಲ್ಲಿ ಬಾಡಿ ವೆಲ್ಡಿಂಗ್, ಪೇಂಟಿಂಗ್ ವಿಭಾಗಗಳೂ ಇವೆ. ಅಲ್ಲಿ ಕಲಿಸುವುದು ಕಾರ್ಖಾನೆಯ ಕೆಲಸ, ರಿಪೇರಿಯದ್ದಲ್ಲ, ಆದರೆ ಬುನಾದಿ ಗಟ್ಟಿ.

ಇನ್ನು ಈಗಾಗಲೇ ಗ್ಯಾರೇಜಿನಲ್ಲಿ ಹತ್ತು ವರ್ಷ ಕಳೆದವರು ಏನು ಮಾಡಬೇಕು? ಅವರಿಗೆ ಆರ್‌ಪಿಎಲ್ ಎಂಬ ದಾರಿ ಇದೆ. ಮೊದಲೇ ಕಲಿತ ಕೆಲಸವನ್ನು ಪರೀಕ್ಷೆ ಮಾಡಿ ಸರ್ಟಿಫಿಕೇಟ್ ಕೊಡುವ ವ್ಯವಸ್ಥೆ ಅದು. ವಾಹನ ಕ್ಷೇತ್ರಕ್ಕೆ ಆಟೊಮೋಟಿವ್ ಸ್ಕಿಲ್ಸ್ ಡೆವಲಪ್‌ಮೆಂಟ್ ಕೌನ್ಸಿಲ್ ಇದನ್ನು ನೋಡಿಕೊಳ್ಳುತ್ತದೆ. ಶಾಲೆ ಬಿಟ್ಟವರು ಎನ್‌ಐಒಎಸ್ ಮೂಲಕ ಹತ್ತನೇ ತರಗತಿ ಬರೆಯಬಹುದು. 14 ತುಂಬಿದ್ದರೆ ಸಾಕು, ಉರ್ದು ಮಾಧ್ಯಮದಲ್ಲೂ ಬರೆಯಲು ಬರುತ್ತದೆ. ಹಗಲು ಗ್ಯಾರೇಜ್, ರಾತ್ರಿ ಪುಸ್ತಕ. ಕಷ್ಟ ನಿಜ, ಆಗದ ಮಾತಲ್ಲ. ಈ ಕೆಲಸಕ್ಕೆ ಜಗತ್ತಿನಲ್ಲಿ ಎಂಥ ಮಾನ ಇದೆ ಅಂದರೆ, ವರ್ಲ್ಡ್‌ಸ್ಕಿಲ್ಸ್ ಎಂಬ ಅಂತಾರಾಷ್ಟ್ರೀಯ ಸ್ಪರ್ಧೆಯಲ್ಲಿ ಬಾಡಿ ರಿಪೇರಿಗೂ ಕಾರ್ ಪೇಂಟಿಂಗ್‌ಗೂ ಪ್ರತ್ಯೇಕ ಪದಕಗಳಿವೆ.

ಲೆಕ್ಕ ಮತ್ತು ಈಮಾನು

ಕೆಲಸ ಕಲಿತವರಿಗೆ ಇನ್ಶೂರೆನ್ಸ್ ಭಾಷೆಯೂ ಬರಬೇಕು. ಮಾಮೂಲಿ ಪಾಲಿಸಿಯಲ್ಲಿ ಪ್ಲಾಸ್ಟಿಕ್, ರಬ್ಬರ್ ಭಾಗಗಳ ಅರ್ಧ ಬೆಲೆ ಗಾಡಿಯ ಮಾಲೀಕನದು. ಬಣ್ಣದ ಸಾಮಾನಿನ ಖರ್ಚಿಗೂ ಅರ್ಧ ಕಡಿತ. ಪೇಂಟಿಂಗ್‌ನ ಒಟ್ಟು ಬಿಲ್ 8,000 ಆದರೆ ಅದರಲ್ಲಿ ಕಾಲು ಭಾಗ, ಅಂದರೆ 2,000 ಸಾಮಾನಿನದು ಎಂದು ಹಿಡಿದು ಅದರ ಅರ್ಧ 1,000 ಮಾಲೀಕ ಕೊಡಬೇಕು. ಜೀರೊ ಡೆಪ್ ಪಾಲಿಸಿ ಇದ್ದರೆ ಈ ಕಡಿತ ಇರುವುದಿಲ್ಲ. ಗಿರಾಕಿಗೆ ಇಷ್ಟನ್ನು ಮೊದಲೇ ಬಿಡಿಸಿ ಹೇಳಿ, ಎಸ್ಟಿಮೇಟ್ ಸರಿಯಾಗಿ ಬರೆದು, ಸರ್ವೇಯರ್ ಮುಂದೆ ನಿಂತು ಮಾತಾಡುವವನು ಹೆಲ್ಪರ್ ಆಗಿ ಉಳಿಯೋದಿಲ್ಲ.

ಪ್ರವಾದಿಯವರು ﷺ ಒಮ್ಮೆ ಪೇಟೆಯಲ್ಲಿ ಧಾನ್ಯದ ರಾಶಿಯೊಳಗೆ ಕೈ ಹಾಕಿ, ಮೇಲೆ ಒಣಗಿದ್ದು ಒಳಗೆ ಒದ್ದೆಯಾಗಿರುವುದನ್ನು ಕಂಡು ವ್ಯಾಪಾರಿಯನ್ನು ಎಚ್ಚರಿಸಿದ ಪ್ರಸಂಗ ನಮಗೆಲ್ಲ ಗೊತ್ತು. ತುಕ್ಕಿನ ಮೇಲೆ ಪುಟ್ಟಿ, ಬಿರುಕಿನ ಮೇಲೆ ಬಣ್ಣ ಅಂದರೆ ಅದೇ ರಾಶಿ ಅಲ್ಲವೇ? ಧಾನ್ಯದಲ್ಲಿ ಹೋಗುವುದು ದುಡ್ಡು, ಇಲ್ಲಿ ಹೋಗುವುದು ಜೀವ. ನೆಟ್ಟಗೆ ಮಾಡಿದ ರಿಪೇರಿ ಹಲಾಲ್ ದುಡಿಮೆಯ ಒಂದು ಒಳ್ಳೆಯ ರೂಪ.

ಆದ್ದರಿಂದ "ಉಸ್ತಾದೋ, ಐಟಿಐಯೋ" ಅಂತ ಕೇಳಬೇಡಿ. ಕೈ ಉಸ್ತಾದರಿಂದ ಬರಲಿ, ಅಳತೆ ಮತ್ತು ಮಾಸ್ಕ್ ಶಾಲೆಯಿಂದ ಬರಲಿ. ಮೊಹಲ್ಲಾದ ಉಸ್ತಾದರಿಗೆ ನನ್ನದೊಂದು ವಿನಂತಿ: ನಿಮ್ಮ ಶಾಗಿರ್ದನನ್ನು ವಾರದ ಕೆಲವು ದಿನ ಓದಲು ಬಿಡಿ. ಅವನು ಕಲಿತುಕೊಂಡು ಬರುವ ಅಳತೆ ನಿಮ್ಮ ಗ್ಯಾರೇಜಿಗೂ ಬರುತ್ತದೆ. ತಂದೆತಾಯಿಯರೇ, ಈ ಸಲದ ಪ್ರವೇಶದ ಪ್ರಕಟಣೆ ಬಂದಾಗ ಆ ಎರಡು ಟ್ರೇಡ್‌ಗಳ ಹೆಸರನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ ಕೇಳಿ.